ಬೆಲ್ಟಿನ ಕೊನೆಯ ಗೇಣು

ಕೊಳ್ಳಲೆಂದು ನೋಡಲು ಬಂದಿದ್ದ ಹಳೇ ವ್ಯಾನಿನ ಬಾಗಿಲು ಸರಿಸಿದ ಕೂಡಲೇ ಸೆಂಟಿನ ಘಾಟು ಮೂಗಿಗೆ ಬಡಿಯಿತು. ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಬಟ್ಟೆ ಒಗೆಯುತ್ತಿದ್ದ ಅವಳಿಗೆ ಅಲ್ಲೇ ಅನುಮಾನ. ಇಷ್ಟೊಂದು ಸುರಿದಿದ್ದಾರೆಂದರೆ ಏನನ್ನೋ ಮುಚ್ಚುವುದಕ್ಕೇ.

ಮನೆಯಲ್ಲಿ ಮೂರು ಮಕ್ಕಳು, ಗಾಲಿಕುರ್ಚಿಯ ಅತ್ತೆ. ಅತ್ತೆಯನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ನಡುದಾರಿಯಲ್ಲಿ ಕೈಕೊಡುವ ಗಾಡಿ ಕಟ್ಟಿಕೊಂಡರೆ ಮುದುಕಿಯ ಗತಿಯೇನು?

ಗಂಡ ಮತ್ತು ಅವನ ಅಣ್ಣ ಬಾನೆಟ್ಟಿನೊಳಗೆ ತಲೆ ತೂರಿಸಿದ್ದರು. ಭಾವನಿಗೆ ಸ್ವಂತ ಗ್ಯಾರೇಜಿತ್ತು. ಈ ಗಾಡಿ ಗೊತ್ತುಮಾಡಿದ್ದೂ ಭಾವನೇ.

"ಇಂಜಿನ್ ಬೆಣ್ಣೆ ಕಣೋ, ಬೆಣ್ಣೆ!" ಎಂದ ಭಾವ ತಮ್ಮನಿಗೆ.

ಮಾರುವವನು ಹಲ್ಲು ಕಿರಿದ. "ಮನೆಮಗಳ ಥರ ನೋಡ್ಕೊಂಡಿದ್ದೀನಿ ಅಕ್ಕ."

"ಮಗಳಿಗೆ ಇಷ್ಟೊಂದು ಸೆಂಟು ಯಾಕಣ್ಣ?"

ಗಂಡ ಕಣ್ಣಲ್ಲೇ ಗದರಿದ. ಅವಳು ಹಿಂದಿನ ಸೀಟಿಗೆ ಹತ್ತಿದಳು. ಆಸ್ಪತ್ರೆಯಲ್ಲಿ ಒಗೆದ ಚಾದರದ ನಡುಭಾಗವನ್ನು ಅವಳು ನೋಡುತ್ತಿರಲಿಲ್ಲ, ಮಡಚಿ ಹೊಲಿದ ಅಂಚನ್ನು ಬಿಡಿಸಿ ನೋಡುತ್ತಿದ್ದಳು. ಕೊಳೆ ಅಡಗುವುದೇ ಅಲ್ಲಿ. ಸೀಟ್ ಬೆಲ್ಟ್ ಹಿಡಿದು ಎಳೆದಳು. ಕಪ್ಪಗೆ, ಸ್ವಚ್ಛವಾಗಿ ಬಂತು. ಇನ್ನೂ ಎಳೆದಳು. ಕೊನೆಯ ಗೇಣು ಕೆಸರುಗಟ್ಟಿ ಕಂದುಬಣ್ಣಕ್ಕೆ ತಿರುಗಿತ್ತು. ಪುಡಿಮಣ್ಣು ಅಂಗೈಗೆ ಉದುರಿತು, ಮೂಸಿದರೆ ಚರಂಡಿ.

"ಈ ಗಾಡಿ ನೀರಲ್ಲಿ ಮುಳುಗಿತ್ತು."

ಮಾರುವವನು ಭಾವನ ಮುಖ ನೋಡಿದ.

"ಒಂದೇ ದಿನ ಕಣಮ್ಮ," ಎಂದ ಭಾವ. "ವೈರು ಗೀರು ಎಲ್ಲಾ ಬಿಚ್ಚಿ ಒಣಗಿಸಿದ್ದೀನಿ."

"ಒಣಗಿಸಿದ್ದು ನೀವಾ?"

ಭಾವ ತಲೆ ಕೆರೆದುಕೊಂಡ. "ಸ್ನೇಹಿತನ ಗಾಡಿ. ಹೇಗೋ ಓಡುತ್ತೆ ಬಿಡು."

"ಇದರಲ್ಲಿ ಕೂರೋದು ನಿಮ್ಮಮ್ಮ, ಭಾವ."

ಮಾರುವವನು ನಡುವೆ ಬಾಯಿ ಹಾಕಿದ: "ಬೇಡಾಂದ್ರೆ ಬಿಡಿ ಅಕ್ಕ, ಸಂಜೆ ಇನ್ನೊಬ್ಬರು ಬರ್ತಾರೆ. ಎಲ್ಲರಿಗೂ ನಿಮ್ಮಂಥ ಮೂಗಿರಲ್ಲ."

ಥೂ, ಎನಿಸಿತು ಅವಳಿಗೆ. ಕೈ ಒರೆಸಿಕೊಳ್ಳಲು ಭಾವ ಚಿಂದಿಬಟ್ಟೆ ಚಾಚಿದ, ಅವಳು ಮುಟ್ಟಲಿಲ್ಲ. ಅಣ್ಣನೆದುರು ಎಂದೂ ಸೊಲ್ಲೆತ್ತದ ಗಂಡ ಬಾನೆಟ್ಟನ್ನು ದಢಾರನೆ ಮುಚ್ಚಿದ.

"ಬಾ, ಬಸ್ಸಿಗೆ ಹೋಗೋಣ."

ಬಸ್ಸಿನಲ್ಲಿ ಇಬ್ಬರೂ ನಿಂತೇ ಇದ್ದರು. ಎರಡು ಸ್ಟಾಪು ಕಳೆದ ಮೇಲೆ ಗಂಡ ಕೇಳಿದ, "ಅಮ್ಮನಿಗೆ ಏನು ಹೇಳೋದು?"

"ಗಾಡಿ ಕೆಟ್ಟಿತ್ತು ಅನ್ನಿ. ಅಷ್ಟು ಸಾಕು."

ಮನೆಗೆ ಬಂದು ಕೈಗೆ ಮೂರು ಸಲ ಸೋಪು ಹಾಕಿ ತೊಳೆದಳು. ಊಟ ತಿನ್ನಿಸಲು ಕೈ ಹತ್ತಿರ ಒಯ್ದಾಗ ಅತ್ತೆ ಮೂಗು ಮುರಿದರು.

"ಏನೇ ಇದು, ಗಬ್ಬುನಾತ? ದೊಡ್ಡವನು ಒಳ್ಳೇ ಗಾಡಿ ಕೊಡಿಸಿದ್ನಾ?"

"ಇಲ್ಲ ಅತ್ತೆ. ಬಾಯಿ ತೆಗೀರಿ," ಎಂದು ಅವಳು ಚಮಚ ತೆಗೆದುಕೊಂಡಳು.