ರಜಾ ಚೀಟಿ ಬರೆಯಲಾರದ ಅತ್ತೆ

ನಾಲ್ಕನೇ ತರಗತಿಯ ಆ ಹುಡುಗಿ ಬೆಳಗಾದರೆ ಹೊಟ್ಟೆನೋವು ಎನ್ನುತ್ತಿದ್ದಳು. ಭಾನುವಾರ ಮಾತ್ರ ನೋವು ಇರುತ್ತಿರಲಿಲ್ಲ. "ಎಲ್ಲಾ ನಾಟಕ" ಎಂದು ಅಪ್ಪ ಗದರುತ್ತಿದ್ದ. ಅವನು ಬಸ್ ಡ್ರೈವರ್.

ಅವಳ ನೋಟ್‌ಬುಕ್ಕಿನಲ್ಲಿ ಬರಹಕ್ಕಿಂತ ಕೆಂಪು ಗೆರೆಗಳೇ ಹೆಚ್ಚು. ‘ಅಕ್ಕ’ ಇರಬೇಕಾದಲ್ಲಿ ‘ಅಕ’. ‘ಮರದ’ ಎನ್ನುವುದು ‘ಮದರ’. ಒಂದೇ ಪದ ಒಂದೇ ಪುಟದಲ್ಲಿ ಮೂರು ಥರ. ಆದರೆ ಅದೇ ಪಾಠವನ್ನು ಯಾರಾದರೂ ಓದಿ ಹೇಳಿದರೆ ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದಳು. ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿದ್ದುದೇ ಅದಕ್ಕೆ. "ತಲೆ ಇದೆ. ಇರೋದು ಮೈಗಳ್ಳತನ."

ಆ ಮನೆಯಲ್ಲಿ ಹುಡುಗಿಯ ಸೋದರತ್ತೆಯೂ ಇದ್ದಳು. ಡ್ರೈವರನ ತಂಗಿ, ವಯಸ್ಸು ಮೂವತ್ತನಾಲ್ಕು, ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಿಸಿ ಆರದ ಹಾಸಿಗೆ ಬಟ್ಟೆಗಳನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಊಟದ ಹೊತ್ತಿಗೆ ಮಾತ್ರ ಒಬ್ಬಳೇ ಬಾಯ್ಲರಿನ ಹಿಂದೆ ಹೋಗಿ ಕೂರುತ್ತಿದ್ದಳು. ಉಳಿದ ಹೆಂಗಸರು ಫೋನಿಗೆ ಬಂದದ್ದನ್ನೆಲ್ಲ ಓದಿಕೊಂಡು ನಗುತ್ತಿದ್ದರು. ಯಾರಾದರೂ "ಇದನ್ನ ಸ್ವಲ್ಪ ಓದೇ" ಎಂದು ಫೋನು ಕೈಗಿಟ್ಟರೆ? ಆ ಭಯದಲ್ಲೇ ಹನ್ನೊಂದು ವರ್ಷ ಕಳೆದಿತ್ತು. ಜಂಬದವಳು ಎಂಬ ಹೆಸರು ಬಂತು. ಅವಳು ಅಲ್ಲಗಳೆಯಲಿಲ್ಲ. ದಡ್ಡಿ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎನ್ನಿಸಿತ್ತು.

ಒಂದು ಸಂಜೆ ಹುಡುಗಿ ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಕೈಯಲ್ಲಿ ಪೆನ್ನು, ಹಾಳೆ.

"ಅತ್ತೆ, ನಂಗೊಂದು ರಜಾ ಚೀಟಿ ಬರ್ಕೊಡ್ತೀಯಾ? ಜ್ವರ ಅಂತ ಬರಿ. ನಾಳೆ ನನ್ನ ಸರದಿ, ಎದ್ದು ನಿಂತು ಓದ್ಬೇಕು."

"ಅಮ್ಮನ್ನ ಕೇಳು."

"ಅಮ್ಮ ಅಪ್ಪಂಗೆ ಹೇಳಿಬಿಡ್ತಾಳೆ. ನೀನು ಯಾರ ಹತ್ರಾನೂ ಮಾತೇ ಆಡಲ್ವಲ್ಲ, ಅದಕ್ಕೇ ನಿನ್ನ ಹತ್ರ ಬಂದೆ."

ಅತ್ತೆ ಪೆನ್ನು ಹಿಡಿದಳು. ಜ್ವರಕ್ಕೆ ಒತ್ತು ಎಲ್ಲಿ? ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಹುಡುಗಿ ಬಗ್ಗಿ ನೋಡಿದಳು.

"ಅತ್ತೆ, ನಿಂಗೂ ಬರಲ್ವಾ?"

ಅತ್ತೆ ಸುಳ್ಳು ಹೇಳಲು ಬಾಯಿ ತೆರೆದಳು, ಆಗಲಿಲ್ಲ. "ಇಲ್ಲ ಕಣೇ. ಒಂದು ಸಾಲು ಮುಗ್ಸೋ ಹೊತ್ಗೆ ಅದರ ಶುರು ಏನಿತ್ತು ಅಂತಾನೇ ಮರ್ತೋಗತ್ತೆ."

ಹುಡುಗಿ ಅವಳನ್ನೇ ನೋಡುತ್ತ ಹೇಳಿದಳು. "ನಾನೊಬ್ಳೇ ಹಿಂಗೆ ಅನ್ಕೊಂಡಿದ್ದೆ."

ಅತ್ತೆಗೂ ಅದೇ ಮಾತು ಹೇಳಬೇಕೆನಿಸಿತು. ಹಾಳೆಯನ್ನು ಮಡಿಸಿಟ್ಟು, "ನಾಳೆ ನಾನೂ ನಿನ್ನ ಜೊತೆ ಸ್ಕೂಲಿಗೆ ಬರ್ತೀನಿ" ಎಂದಳು.

ಮರುದಿನ ಅತ್ತೆ ಅರ್ಧ ದಿನ ರಜೆ ಹಾಕಿ ಹುಡುಗಿಯ ಕೈ ಹಿಡಿದು ಶಾಲೆಗೆ ಹೋದಳು. ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗಾಗಿ ವಾರಕ್ಕೆರಡು ದಿನ ಬರುವ ಟೀಚರ್ ಅಲ್ಲಿದ್ದರು. ಅವರು ನೋಟ್‌ಬುಕ್ ತಿರುವಿ ಹಾಕಿದರು, ಹುಡುಗಿಯಿಂದ ನಾಲ್ಕು ಸಾಲು ಓದಿಸಿದರು. ಆಮೇಲೆ ಒಂದು ಕಥೆ ಹೇಳಿ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಪಟಪಟನೆ ಉತ್ತರ ಬಂತು.

"ಮೊದ್ಲು ಕಣ್ಣು, ಕಿವಿ ತೋರಿಸ್ಕೊಂಡು ಬನ್ನಿ," ಎಂದರು ಟೀಚರ್. "ಅವು ಸರಿಯಾಗಿದ್ರೆ ಇದು ಡಿಸ್ಲೆಕ್ಸಿಯಾ ಇರಬಹುದು. ತಿಳಿದೋರ ಹತ್ರ ಪರೀಕ್ಷೆ ಮಾಡಿಸಿ ಖಚಿತ ಮಾಡ್ಕೊಳ್ಳೋಣ. ಇದು ಸೋಮಾರಿತನ ಅಲ್ಲ, ಬುದ್ಧಿ ಕಮ್ಮಿ ಅಂತಾನೂ ಅಲ್ಲ. ಅಕ್ಷರಕ್ಕೂ ಅದರ ಸದ್ದಿಗೂ ಗಂಟು ಹಾಕೋದು ಇಂಥ ಮಕ್ಕಳಿಗೆ ಕಷ್ಟ. ಬೇರೆ ರೀತೀಲಿ ಕಲಿಸಿದ್ರೆ ಕಲೀತಾರೆ. ಮನೇಲಿ ಇನ್ನು ಯಾರಿಗಾದ್ರೂ ಹೀಗಿದ್ಯಾ? ಎಷ್ಟೋ ಸಲ ಇದು ವಂಶದಲ್ಲೇ ಇರತ್ತೆ."

"ನಂಗೊತ್ತಿಲ್ಲ ಮೇಡಂ," ಎಂದಳು ಅತ್ತೆ, ನೆಲ ನೋಡುತ್ತ. ಹುಡುಗಿ ಅವಳ ಕೈ ಬಿಡಲಿಲ್ಲ.

ಸಂಜೆ ವಿಷಯ ಕೇಳಿ ಡ್ರೈವರ್ ನಕ್ಕುಬಿಟ್ಟ. "ದಿನಕ್ಕೊಂದು ಹೊಸ ಹೆಸರು ಹುಡುಕ್ತಾರೆ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾಲ್ಕು ಬಿಟ್ರೆ ಸರಿಹೋಗ್ತಾಳೆ."

"ಇತ್ತಣ್ಣ. ನಂಗಿತ್ತು."

"ನಿಂಗೇನು? ನೀನು ಇಷ್ಟ ಇಲ್ಲ ಅಂತ ಸ್ಕೂಲ್ ಬಿಟ್ಟೋಳು."

"ನಾನು ತೊದಲ್ತಾ ಓದೋದನ್ನ ನೀನು ಅಂಗಳದಲ್ಲಿ ನಿಂತು ಗೆಳೆಯರ ಮುಂದೆ ಅಣಕಿಸ್ತಿದ್ದೆ. ಎಲ್ರೂ ಬಿದ್ದು ಬಿದ್ದು ನಗ್ತಿದ್ರಿ. ಏಟೂ ತಿಂದೆ. ಸರಿಹೋದ್ನಾ? ಹೋದ ವರ್ಷ ಆಸ್ಪತ್ರೇಲಿ ನನ್ನನ್ನ ಮೇಲ್ವಿಚಾರಕಿ ಮಾಡ್ತೀವಿ ಅಂದ್ರು. ದಿನಾ ವರದಿ ಬರೀಬೇಕು ಅಂತ ಬೇಡ ಅಂದೆ. ನಿಮಗೆಲ್ಲ, ಸೊಂಟನೋವಿಗೆ ಬೇಡ ಅಂದೆ ಅಂತ ಹೇಳಿದ್ದೆ."

ಹುಡುಗಿಯ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಡ್ರೈವರ್ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ತಪ್ಪಾಯಿತು ಎನ್ನುವ ಮಾತು ಅವನಿಗೆ ರೂಢಿಯಿಲ್ಲ. ಒಳಗೆ ಬಂದವನು ಕೇಳಿದ್ದು ಇಷ್ಟೇ: "ಆ ಟೀಚರ್ ಯಾವ್ಯಾವ ದಿನ ಬರ್ತಾರೆ?"

ಕಣ್ಣು, ಕಿವಿ ಸರಿಯಾಗಿದ್ದವು. ಪರೀಕ್ಷೆಯಲ್ಲಿ ಡಿಸ್ಲೆಕ್ಸಿಯಾ ಎಂದು ಖಚಿತವಾಯಿತು. ಟೀಚರ್ ತಟ್ಟೆಯಲ್ಲಿ ಮರಳು ಹರಡಿ, ಸದ್ದು ಹೇಳುತ್ತಾ ಬೆರಳಲ್ಲಿ ಅಕ್ಷರ ತಿದ್ದಿಸಿದರು. ಉದ್ದ ಪದಗಳನ್ನು ಚಪ್ಪಾಳೆ ತಟ್ಟಿ ತುಂಡು ಮಾಡಿಸಿದರು. ಕಣ್ಣು ಸಾಲು ತಪ್ಪದಂತೆ ಕೆಳಗೆ ರಟ್ಟಿನ ಪಟ್ಟಿ ಇಡಿಸಿದರು. ತರಗತಿಯ ಮೇಷ್ಟ್ರೂ ತಮ್ಮ ರೀತಿ ಬದಲಿಸಿಕೊಂಡರು. ನಾಳೆ ಓದಬೇಕಾದ್ದನ್ನು ಇವತ್ತೇ ಕೊಡುತ್ತಿದ್ದರು, ಬರೆಯಲು ಹೆಚ್ಚು ಸಮಯ ಬಿಡುತ್ತಿದ್ದರು, ಕಾಗುಣಿತದ ತಪ್ಪಿಗಾಗಿ ಸರಿಯುತ್ತರವನ್ನು ಹೊಡೆದು ಹಾಕುತ್ತಿರಲಿಲ್ಲ. ಮನೆಯಲ್ಲಿ ದಿನಕ್ಕೆ ಹದಿನೈದು ನಿಮಿಷ ಅಪ್ಪ, ಮಗಳು ಒಂದೇ ದನಿಯಲ್ಲಿ ಜೊತೆಯಾಗಿ ಓದಿದರು. ಮೊದಮೊದಲು ಅಪ್ಪ ಬಸ್ಸಿನ ವೇಗದಲ್ಲೇ ಹೋಗುತ್ತಿದ್ದ. "ಅಪ್ಪ, ಬ್ರೇಕ್ ಹಾಕು!" ಎನ್ನುತ್ತಿದ್ದಳು ಮಗಳು.

ನಾಲ್ಕು ತಿಂಗಳಾದ ಮೇಲೆ ಹುಡುಗಿ ತರಗತಿಯಲ್ಲಿ ಎದ್ದು ನಿಂತು ಅರ್ಧ ಪುಟ ಓದಿದಳು. ನಿಧಾನವಾಗಿ, ಎರಡು ಕಡೆ ತಪ್ಪಿ. ಕಷ್ಟ ಈಗಲೂ ಇದೆ, ಆದರೆ ಬಚ್ಚಿಟ್ಟುಕೊಳ್ಳುವುದು ಮುಗಿದಿದೆ.

ಅತ್ತೆಯೂ ಅದೇ ಟೀಚರ ಹತ್ತಿರ ಕಲಿಯಲು ಹೋಗುತ್ತಿದ್ದಾಳೆ. ಅವಳದು ಇನ್ನೂ ನಿಧಾನ. ಒಮ್ಮೆ ಪುಸ್ತಕ ಮುಚ್ಚಿಟ್ಟು, "ಇವಳ ವಯಸ್ಸಲ್ಲಿ ನಂಗೆ ನಿಮ್ಮಂಥೋರೊಬ್ರು ಸಿಕ್ಕಿದ್ರೆ ಸಾಕಾಗಿತ್ತು ಮೇಡಂ," ಎಂದಳು. ಟೀಚರ್ ಮರಳಿನ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದರು.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಮಾತಿಗೆ ಚುರುಕಾಗಿದ್ದು ಓದಿಗೆ ಹೆದರುವ ಮಗು ಇದೆಯೇ? ಹೊಡೆಯಬೇಡಿ, ಅಣಕಿಸಬೇಡಿ. ಶಾಲೆಗೆ ಹೋಗಿ ಕೇಳಿ, ಇಂದೇ ಕೇಳಿ. ಈ ಕಥೆಯನ್ನು ನೀವು ಓದುತ್ತಿದ್ದರೆ ದಯವಿಟ್ಟು ಗಟ್ಟಿಯಾಗಿ ಓದಿ, ಓದಲಾಗದವರು ಪಕ್ಕದಲ್ಲೇ ಇರಬಹುದು. ಯಾರೋ ಓದಿದ್ದನ್ನು ಕೇಳುತ್ತಾ, ಮುಂದಿನ ಸರದಿ ನನ್ನದಾಗದಿರಲಿ ಎಂದುಕೊಂಡು ನೀವು ಸುಮ್ಮನೆ ಕೂತಿದ್ದರೆ, ಈ ಮಾತು ನಿಮಗೇ: ನೀವು ದಡ್ಡರಲ್ಲ. ನೀವು ಒಬ್ಬರೇ ಅಲ್ಲ.