ಮೀನಿಗೆ ಸಿಹಿನೀರು

ರಾಫಿದ್ ಬಸ್ರಾದ ಹೊರಗೆ ಫಾವ್ ರಸ್ತೆಯ ಅಪಘಾತದಲ್ಲಿ ಸತ್ತು ಎರಡು ವರ್ಷವಾಗಿತ್ತು. ಹತ್ತೊಂಬತ್ತರ ಹುಡುಗ. ಅವನು ಗಿಡ ನೆಟ್ಟು ಸಿಂಗರಿಸಿದ್ದ ಗಾಜಿನ ಮೀನಿನ ತೊಟ್ಟಿ ಮಹಡಿಯ ಅವನ ಕೋಣೆಯಲ್ಲಿ ಹಾಗೇ ಉಳಿದಿತ್ತು. ತಾಯಿ ನಜೀಹಾ ಆ ಕೋಣೆಗೆ ಕಾಲಿಟ್ಟವಳಲ್ಲ. ತಂದೆ ಗಾನಿಮ್ ಮಗನ ಹೆಸರನ್ನೇ ಎತ್ತುತ್ತಿರಲಿಲ್ಲ, ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಕಲ್ಲೆದೆಯವನು ಎಂದು ಬೀದಿಯ ಹೆಂಗಸರು ಆಡಿಕೊಂಡರು. ನಜೀಹಾ ಒಳಗೊಳಗೇ ಹೌದೆಂದಳು.

ಈದ್ ಹತ್ತಿರ ಬಂತೆಂದು ಮನೆ ತೊಳೆಯಲು ಬಂದ ತಂಗಿ ಸಾಹಿರಾ ಅವಳನ್ನು ಕೈಹಿಡಿದು ಮೇಲಕ್ಕೆಳೆದಳು.

"ಅಕ್ಕಾ, ಗಬ್ಬು ನಾರ್ತಿದೆ. ಬಿಸಾಕಿಬಿಡೋಣ."

ಗಾಜಿಗೆ ಬೆರಳುದಪ್ಪ ಪಾಚಿ. ನಜೀಹಾ ಒಂದಿಷ್ಟು ಕೆರೆದಳು. ಒಳಗೇನೋ ಅಲುಗಿತು. ರಾಫಿದ್ ತಂದಿದ್ದ ಗೌರಾಮಿ ಮೀನು!

"ಬದುಕಿದೆ ಕಣೇ!"

"ಅಬ್ಬಾ! ಈ ನೀರಲ್ಲಿ ನಾನು ಕಾಲೂ ತೊಳೆಯಲ್ಲ, ಇದು ಪಾಚಿ ತಿನ್ಕೊಂಡು ಸಂಸಾರ ಮಾಡ್ಕೊಂಡಿದೆ ನೋಡು."

ಮಗನ ಕೈಯಿಂದ ಅನ್ನ ತಿಂದ ಜೀವ ಅದೊಂದೇ ಉಳಿದಿತ್ತು. ಅದನ್ನು ಉಳಿಸಿಕೊಳ್ಳಲೇಬೇಕು ಎಂದು ನಜೀಹಾ ಟೊಂಕ ಕಟ್ಟಿ ನಿಂತಳು. ಮೀನನ್ನು ಬೋಗುಣಿಗೆ ಬಿಟ್ಟು, ಕೊಳೆತ ಗಿಡ ಕಿತ್ತಳು. ಹಳೆಯ ನೀರನ್ನೆಲ್ಲ ಮೋರಿಗೆ ಸುರಿದಳು. ಜಲ್ಲಿಯನ್ನು ಅಕ್ಕಿ ತೊಳೆದಂತೆ ಏಳು ಸಲ ತೊಳೆದಳು. ತುಂಬುವಾಗ ಸಾಹಿರಾ ನಲ್ಲಿಗೆ ಕೈ ಹಾಕಿದಳು.

"ಆ ಉಪ್ಪುನೀರು ಬೇಡ. ನನ್ನ ಮಗನ ಮೀನು. ನಾವು ಕುಡಿಯೋದನ್ನೇ ಅದೂ ಕುಡೀಲಿ."

ನಲ್ಲಿಯಲ್ಲಿ ಉಪ್ಪುನೀರೇ ಬರುವ ಬಸ್ರಾದಲ್ಲಿ ಸಿಹಿನೀರಿಗಿಂತ ದೊಡ್ಡ ಉಪಚಾರವಿಲ್ಲ. ಬೀದಿಗೆ ಬಂದ ನೀರಿನ ಲಾರಿಯಿಂದ ಆರು ಕ್ಯಾನ್ ತುಂಬಿಸಿ, ಅಕ್ಕತಂಗಿಯರು ಏದುಸಿರು ಬಿಡುತ್ತ ಹೊತ್ತರು. ತಿಳಿನೀರಿನಲ್ಲಿ ಮೀನು ಎರಡು ಸುತ್ತು ಹಾಕಿತು. ನಜೀಹಾ ಸಂತೋಷಕ್ಕೆ ಅತ್ತಳು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ನೋಡಿದರೆ ಮೀನು ಮಗ್ಗುಲಾಗಿ ತೇಲುತ್ತ ಬಾಯಿ ಬಿಡುತ್ತಿತ್ತು. ಗಾಬರಿಬಿದ್ದು ಮೀನಿನಂಗಡಿಯವನಿಗೆ ಫೋನ್ ಮಾಡಿದಳು.

"ಎಲ್ಲಾ ನೀರೂ ಒಂದೇ ಸಲ ಬದಲಾಯಿಸಿದ್ರಾ ಅಮ್ಮಾ? ಅಯ್ಯೋ, ಆ ಉಪ್ಪು, ಆ ಕೊಳೆಗೇ ಅದರ ಮೈ ಒಗ್ಗಿತ್ತು. ದಿನಕ್ಕೊಂದು ಚೊಂಬು ಬದಲಾಯಿಸ್ಬೇಕಿತ್ತು. ಹಳೇ ನೀರು ಸ್ವಲ್ಪ ಇದೆಯಾ?"

ಒಂದು ಹನಿಯೂ ಇರಲಿಲ್ಲ. ಸಂಜೆಯ ಬಾಂಗಿಗೆ ಮೊದಲೇ ಮೀನು ಸತ್ತಿತು. ಸಾಹಿರಾ ಏನೂ ತೋಚದೆ ಮನೆಗೆ ಹೋದಳು.

ಬಂದರಿನ ಕೆಲಸ ಮುಗಿಸಿ ಬಂದ ಗಾನಿಮ್ ಸೀದಾ ಮೇಲೆ ಹತ್ತಿದ. ಕೈಯಲ್ಲಿ ನಲ್ಲಿನೀರಿನ ಜಗ್ಗು. ಥಳಥಳ ಹೊಳೆಯುವ ತೊಟ್ಟಿಯ ಮುಂದೆ ಹೆಂಡತಿ ಕೂತಿದ್ದಳು.

"ಮೀನೆಲ್ಲಿ?"

"ನಿಮಗ್ಯಾಕೆ ಅದು? ಎರಡು ವರ್ಷದಲ್ಲಿ ಒಂದಿನ ಇತ್ತ ತಿರುಗಿ ನೋಡಿದ್ದೀರಾ?"

ಗಾನಿಮ್ ಜಗ್ಗನ್ನು ನೆಲಕ್ಕಿಟ್ಟ. "ದಿನಾ ಬರ್ತಿದ್ದೆ. ನೀನು ಕೆಳಗೆ ನಮಾಜಿಗೆ ನಿಂತಾಗ. ಆರಿದಷ್ಟು ನೀರು ಹಾಕಿ, ಒಂದು ಚಿಟಿಕೆ ತಿನ್ನೋಕೆ ಕೊಟ್ಟು ಹೋಗ್ತಿದ್ದೆ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ಈ ಕೋಣೆ ಅಂದ್ರೇನೇ ನೀನು ಎದೆ ಬಡ್ಕೋತಿದ್ದೆ."

ಬೋಗುಣಿಯಲ್ಲಿ ಬಿಳಿಬಟ್ಟೆ ಸುತ್ತಿಟ್ಟಿದ್ದ ಮೀನನ್ನು ಅವನು ಆಗ ನೋಡಿದ. ಮಗನ ಮಂಚದ ಮೇಲೆ ಕುಸಿದು ಕೂತು, ರಾಫಿದ್, ರಾಫಿದ್ ಎಂದು ಗೊಳೋ ಎಂದು ಅತ್ತ.

ಅವನು ಹೀಗೆ ಒಮ್ಮೆ ಅಳಲಿ ಎಂದು ಎರಡು ವರ್ಷ ಕಾದವಳು ನಜೀಹಾ. ಈಗ ಅವನ ಪಕ್ಕ ಕೂತು, ಅಳಬೇಡಿ, ಅಳಬೇಡಿ ಎಂದಳು.