ಇಳಿದ ರೆಪ್ಪೆ

ಎದುರಿಗೆ ಬಂದವರ ಕಣ್ಣನ್ನು ಅವನು ಮೊದಲು ನೋಡುತ್ತಿರಲಿಲ್ಲ. ಕೆನ್ನೆಯನ್ನು ನೋಡುತ್ತಿದ್ದ, ಅಲ್ಲಿಂದ ಮೂಗಿನ ಪಕ್ಕದ ಮಡಿಕೆಗೆ ಇಳಿದು, ಗಲ್ಲವನ್ನು ಬಳಸಿ, ಹಣೆಗೆ ಏರಿ, ಊರೆಲ್ಲ ಸುತ್ತಿ ಕೊನೆಗೆ ಮನೆ ಸೇರುವವನ ಹಾಗೆ ಕಣ್ಣಿಗೆ ಬರುತ್ತಿದ್ದ. ಅಷ್ಟರಲ್ಲಿ ಎದುರಿನವರು ಮುಖಕ್ಕೆ ಏನೋ ಮೆತ್ತಿಕೊಂಡಿದೆಯೆಂದು ಕರವಸ್ತ್ರ ತೆಗೆದು ಒರೆಸಿಕೊಳ್ಳತೊಡಗಿರುತ್ತಿದ್ದರು. ದರ್ಜಿಯ ಕಣ್ಣು ಅಂಗಿಯ ಹೊಲಿಗೆಗೆ ಹೋಗುವಂತೆ ಅವನ ಕಣ್ಣು ಜನರ ಮುಖದಲ್ಲಿ ತಾನು ಮಾಡಬೇಕಾದ ಕೆಲಸಕ್ಕೆ ಹೋಗುತ್ತಿತ್ತು. ಭಾವಚಿತ್ರಗಳನ್ನು ತಿದ್ದುವುದು ಅವನ ಕಸುಬು: ಕಲೆ ಅಳಿಸುವುದು, ಸುಕ್ಕು ಸಡಿಲಿಸುವುದು, ಕಣ್ಣಡಿಯ ಕಪ್ಪನ್ನು ತಿಳಿಯಾಗಿಸುವುದು, ಎದ್ದು ನಿಂತ ಕೂದಲನ್ನು ಕೂರಿಸುವುದು. ಅವನು ತೀರಿಹೋಗಿ ಇನ್ನೂ ಹೆಚ್ಚು ದಿನಗಳಾಗಿಲ್ಲ. ಈಗ ಬೀದಿಯಲ್ಲಿ ಯಾರೂ ನನ್ನ ಕೆನ್ನೆಯನ್ನು ನೋಡುವುದಿಲ್ಲ. ಎಲ್ಲರೂ ನೇರವಾಗಿ ಕಣ್ಣನ್ನೇ ನೋಡಿ, ಏನನ್ನೂ ಕಾಣದೆ ಮುಂದೆ ಹೋಗುತ್ತಾರೆ.

ಗೆಳೆಯರ ನಡುವೆ ಅವನಿಗೆ ನುಣುಪಣ್ಣ ಎಂದು ಹೆಸರು. ಹೆಸರಿನ ಅರ್ಧ ಕಸುಬಿನಿಂದ ಬಂದದ್ದು, ಉಳಿದರ್ಧ ಕುಚೋದ್ಯದಿಂದ. ಹರೆಯದ ಮೊಡವೆಗಳು ಬಿಟ್ಟುಹೋದ ಕುಳಿಗಳು ಅವನ ಎರಡೂ ಕೆನ್ನೆಗಳ ಮೇಲೆ ಒತ್ತಾಗಿದ್ದವು, ಮೊದಲ ಹನಿಗಳು ಬಿದ್ದ ಧೂಳುನೆಲದ ಹಾಗೆ. ಸಂಜೆಯ ಓರೆಬೆಳಕಿನಲ್ಲಿ ಪ್ರತಿಯೊಂದು ಕುಳಿಗೂ ಒಂದು ಪುಟ್ಟ ನೆರಳಿರುತ್ತಿತ್ತು. ಯಾರಾದರೂ ಆ ಬಗ್ಗೆ ಕೆಣಕಿದರೆ, “ಇದು ಅಂಗಡಿ ಬೋರ್ಡು ಕಣಯ್ಯ. ತಿದ್ದಿಸದೇ ಇದ್ರೆ ಏನಾಗುತ್ತೆ ಅಂತ ಗಿರಾಕಿಗೆ ಗೊತ್ತಾಗ್ಬೇಡ್ವಾ?” ಎನ್ನುತ್ತಿದ್ದ.

ವರ್ಷವಿಡೀ ಒಂದೇ ಬೂದು ಕೋಟು. ಕಂಡವರು ಅವನು ಯಾವುದೋ ಸೂತಕದಲ್ಲಿದ್ದಾನೆಂದು ತಿಳಿಯುತ್ತಿದ್ದರು. ಕಾರಣ ಬೇರೆ. ಬಣ್ಣದ ಬಟ್ಟೆ ತೊಟ್ಟು ಕಂಪ್ಯೂಟರಿನ ಪರದೆಯ ಮುಂದೆ ಕೂತರೆ ಆ ಬಣ್ಣ ಗಾಜಿನಲ್ಲಿ ಮೂಡಿ, ತಿದ್ದುವವನ ಕಣ್ಣಿಗೆ ಮೋಸ ಮಾಡುತ್ತದಂತೆ. ಕೆಂಪಂಗಿ ಹಾಕಿದವನಿಗೆ ಎಲ್ಲರೂ ಬಿಳುಚಿಕೊಂಡಂತೆ ಕಾಣುತ್ತಾರಂತೆ. ಆದ್ದರಿಂದ ಕೋಟು ಬೂದು, ಅಂಗಡಿಯಾಗಿದ್ದ ಮನೆಯ ಮುಂಗೋಣೆಯ ಗೋಡೆ ಬೂದು, ಕಿಟಕಿಯ ಪರದೆ ಬೂದು. ಆ ಕೋಣೆಯಲ್ಲಿ ಬಣ್ಣವೆಂದರೆ ಪರದೆಯ ಮೇಲಿನ ಮುಖವೊಂದೇ. ಅವನ ಹೆಂಡತಿ ಊಟಕ್ಕೆ ಕರೆಯಲು ಬಾಗಿಲಲ್ಲಿ ನಿಂತು, “ಬೂದಿ ಬಳ್ಕೊಂಡ ಸನ್ಯಾಸಿಗಳೇ, ಸಂಸಾರ ಕಡೆ ಸ್ವಲ್ಪ ಬರ್ತೀರಾ?” ಎನ್ನುತ್ತಿದ್ದಳು. ಹೊರಗೆ ಬಂದರೆ ಬೆಳಕಿಗೆ ಕಣ್ಣು ಕಿರಿದಾಗಿಸಿ, ಗೋಡೆಯ ನೆರಳು ಹಿಡಿದು, ಒಂದು ಭುಜ ಗೋಡೆಗೆ ತಾಗಿಸಿಕೊಂಡೇ ನಡೆಯುತ್ತಿದ್ದ. ಕೋಟಿನ ಎಡಭುಜ ಯಾವಾಗಲೂ ಸವೆದಿರುತ್ತಿತ್ತು.

ಅವನ ಬಾಯಲ್ಲಿ ಸದಾ ಒಂದು ಮಾತು: “ಇದು ಇರಲಿ, ಅದು ಹೋಗಲಿ.” ಮುಖವನ್ನು ತಿದ್ದುವಾಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಈ ಮಾತು ಕ್ರಮೇಣ ಬದುಕಿನ ಎಲ್ಲ ಮೂಲೆಗಳಿಗೂ ಹಬ್ಬಿತ್ತು. ತರಕಾರಿ ಆರಿಸುವಾಗ ಅದೇ, ಹಳೆಯ ಬಟ್ಟೆ ಬೇರ್ಪಡಿಸುವಾಗ ಅದೇ, ಗೆಳೆಯರ ಜಗಳ ಬಿಡಿಸುವಾಗಲೂ ಅದೇ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. “ನೀನು ಕಾಗುಣಿತ ತಿದ್ತೀಯ, ನಾನು ದೇವರ ಕೈಬರಹ ತಿದ್ತೀನಿ. ಅವನದ್ದೂ ಏನು ಕಮ್ಮಿ ತಪ್ಪಿಲ್ಲ ಬಿಡು,” ಎಂದು ನಗುತ್ತಿದ್ದ.

ಅವನು ಕಸುಬಿಗೆ ಕೂತದ್ದು ಫಿಲ್ಮಿನ ಕಾಲದಲ್ಲಿ. ನೆಗೆಟಿವ್‌ನ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಸುಕ್ಕು ತುಂಬುವುದನ್ನು ಒಬ್ಬ ಮುದುಕ ಸ್ಟುಡಿಯೋ ಮಾಲೀಕ ಅವನಿಗೆ ಕಲಿಸಿದ್ದ. ಆ ಗುರುವಿನ ಮೊದಲ ಪಾಠವನ್ನು ಅವನು ಭಕ್ತಿಯಿಂದ ಹೇಳುತ್ತಿದ್ದ: ತಿದ್ದಿದ್ದು ಮೇಲಿನ ಪದರ ಮಾತ್ರ, ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರೆಸಿದರೆ ದೇವರು ಕೊಟ್ಟ ಮುಖ ಕೆಳಗೆ ಹಾಗೇ ಇರಬೇಕು. ಕಂಪ್ಯೂಟರು ಬಂದ ಮೇಲೂ ಅವನು ಮೂಲಚಿತ್ರವನ್ನು ಮುಟ್ಟುತ್ತಿರಲಿಲ್ಲ. ನಕಲು ಮಾಡಿಕೊಂಡು ನಕಲಿನ ಮೇಲೆ ಕೆಲಸ. ನಿವೃತ್ತಿಯ ಸಮಾರಂಭಕ್ಕೆಂದು ಚಿತ್ರ ತಿದ್ದಿಸಲು ಬಂದಿದ್ದ ಒಬ್ಬ ಮೇಷ್ಟ್ರ ಹೆಂಡತಿ ಗಂಡನ ತಿದ್ದಿದ ಮುಖವನ್ನು ನೋಡಿ, “ಯಾರಿವ್ರು? ಇವರ ಜೊತೆ ನಾನು ಜಗಳಾನೇ ಆಡಿಲ್ವಲ್ಲ!” ಎಂದುಬಿಟ್ಟಳು. ಅವನು ನಕ್ಕು, ಮೂಲವನ್ನು ತೆರೆದು, “ಹಾಗಾದ್ರೆ ಜಗಳದ ಗೆರೆಗಳು ಇರಲಿ ತಾಯಿ,” ಎಂದು ಹುಬ್ಬುಗಳ ನಡುವೆ ಆ ಎರಡು ಗೆರೆಗಳನ್ನು ವಾಪಸು ತಂದು ಕೊಟ್ಟ. ಅಷ್ಟು ಸುಲಭವಾಗಿತ್ತು ಆಗ.

ಕೃತಕ ಬುದ್ಧಿಯ ತಂತ್ರಾಂಶ ಬಂದಾಗಲೂ ಅವನು ಇತರ ಕಸುಬುದಾರರಂತೆ ಗೊಣಗಲಿಲ್ಲ. ಇದು ಹಲ್ಲು, ಇದು ತುಟಿ, ಇದು ಕುತ್ತಿಗೆಯ ಚರ್ಮ ಎಂದು ಅದು ತಾನಾಗಿ ಗುರುತಿಸಿ, ಅವನು ಅರ್ಧ ದಿನ ಬೆನ್ನು ಬಗ್ಗಿಸಿ ಮಾಡುತ್ತಿದ್ದ ಕೆಲಸವನ್ನು ಚಹಾ ಆರುವುದರೊಳಗೆ ಮುಗಿಸುತ್ತಿತ್ತು. ಅದಕ್ಕೆ ಮನೆಯಳಿಯ ಎಂದು ಹೆಸರಿಟ್ಟ. “ಕೇಳೋಕ್ ಮುಂಚೇನೇ ಮಾಡ್ತಾನೆ. ಬೇಡ ಅಂದ್ರೂ ಮಾಡ್ತಾನೆ. ಚೆನ್ನಾಗಿ ಮಾಡಿದ್ದೀನಿ ಅಂತ ತಾನೇ ಅಂದ್ಕೋತಾನೆ,” ಎಂದು ಹೊಗಳಿಕೆಯೋ ಬೈಗುಳವೋ ತಿಳಿಯದ ದನಿಯಲ್ಲಿ ಹೇಳುತ್ತಿದ್ದ.

ಅವನ ಹೆಂಡತಿಯ ಎಡಗಣ್ಣಿನ ರೆಪ್ಪೆ ಹುಟ್ಟಿನಿಂದ ಕೊಂಚ ಇಳಿದಿತ್ತು. ದಣಿದಾಗ ಇನ್ನೂ ಸ್ವಲ್ಪ ಇಳಿಯುತ್ತಿತ್ತು, ನಕ್ಕಾಗ ಎರಡೂ ಕಣ್ಣು ಸಮವಾಗುತ್ತಿದ್ದವು. ಅದರಿಂದಾಗಿ ಆಕೆ ಸುಮ್ಮನೆ ಕೂತಿದ್ದರೂ ಯಾರದೋ ಸುಳ್ಳನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿರುವಂತೆ ಕಾಣುತ್ತಿದ್ದಳು. ನುಣುಪಣ್ಣನ ಸಣ್ಣಪುಟ್ಟ ಸುಳ್ಳುಗಳೆಲ್ಲ ಆ ರೆಪ್ಪೆಯ ಮುಂದೆ ಮುಗ್ಗರಿಸಿ ಬಿದ್ದದ್ದನ್ನು ನಾನು ಬಲ್ಲೆ. ಆಕೆಗೆ ಮಾತ್ರ ಅದರ ಬಗ್ಗೆ ಜನ್ಮಕ್ಕಾಗುವಷ್ಟು ನಾಚಿಕೆ. ಕ್ಯಾಮರಾ ಕಂಡರೆ ಎಡಕ್ಕೆ ತಿರುಗಿ ನಿಲ್ಲುವಳು. ಮಗಳ ಮದುವೆಯ ಚಿತ್ರಗಳಲ್ಲೂ ಎಲ್ಲೆಲ್ಲೂ ಆಕೆಯ ಬಲಗೆನ್ನೆಯೇ.

“ಕಂಡೋರ ಹೆಂಗಸರ ಮುಖಕ್ಕೆಲ್ಲ ಬೆಣ್ಣೆ ಸವರ್ತೀರಿ. ಮನೆಯವಳ ಕಣ್ಣೊಂದು ನೆಟ್ಟಗೆ ಮಾಡೋಕಾಗಲ್ವೇನ್ರೀ?” ಎಂದು ನನ್ನೆದುರಿಗೇ ಒಮ್ಮೆ ಕೇಳಿದ್ದಳು.

“ನೆಟ್ಟಗಿರೋದನ್ನ ಏನು ನೆಟ್ಟಗೆ ಮಾಡೋದು?”

“ನಾಲಿಗೆ ಮಾತ್ರ ನುಣುಪು.”

“ಅದೊಂದು ಇರಲಿ ಕಣೇ. ಉಳಿದದ್ದೆಲ್ಲ ಹೋಗಲಿ,” ಎಂದ ಅವನು, ತಲೆ ಎತ್ತದೆ. ಆಕೆ ಸೋತವಳಂತೆ ಕೈಯಾಡಿಸಿ ಒಳಗೆ ಹೋದಳು. ಆದರೆ ಆ ದಿನ ಸಿಟ್ಟು ನಿಜವಾಗಿತ್ತೆಂದೇ ನನಗೆ ಅನ್ನಿಸಿತ್ತು.

ಆಕೆಗೆ ಗೊತ್ತಾಗದಂತೆ ಅವನು ತೆಗೆದ ಚಿತ್ರಗಳು ಮಾತ್ರ ಬೇರೆ. ತಲೆ ಬಾಚುತ್ತ, ಸೂಜಿಗೆ ದಾರ ಪೋಣಿಸುತ್ತ, ಬಾಗಿಲ ಬಳಿ ಯಾರೊಂದಿಗೋ ಮಾತಾಡುತ್ತ ಆಕೆ ಪಕ್ಕನೆ ಇತ್ತ ತಿರುಗಿದ ಕ್ಷಣಗಳು, ಹೆಚ್ಚಿನವು ಮಂದಬೆಳಕಿನವು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದು ಕಡೆ ಕೂಡಿಟ್ಟಿದ್ದ. ಕಾಗದಕ್ಕೆ ಇಳಿಸಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಕೊಟ್ಟರೆ ಆಕೆ ಮನೆ ಬಿಟ್ಟು ಹೋಗುತ್ತೇನೆ ಎಂದಿದ್ದಳು.

ಮನೆಯನ್ನಷ್ಟೇ ಅಲ್ಲ, ಎಲ್ಲವನ್ನೂ ಬಿಟ್ಟು ಆಕೆ ಒಂದು ಚಿಕ್ಕ ಕಾಯಿಲೆಯ ನೆಪದಲ್ಲಿ ಹೊರಟುಹೋದಳು. ಗೋಡೆಗೆ ಹಾಕಲು ಒಂದು ಚಿತ್ರ ಬೇಕೆಂದು ಮಗಳು ಕೇಳಿದಾಗ ಅವನು ಆ ಸಂಗ್ರಹವನ್ನು ತೆರೆದ. ಚಿತ್ರಗಳು ಮಸುಕಾಗಿದ್ದವು, ಒಂದಿಷ್ಟು ಬೆಳಕು ಹೆಚ್ಚಿಸಿ ನೋಡೋಣ, ಆಮೇಲೆ ಆರಿಸೋಣ ಎಂದು ಅಷ್ಟನ್ನೂ ಒಟ್ಟಿಗೆ ತಂತ್ರಾಂಶಕ್ಕೆ ಒಪ್ಪಿಸಿದ. ಇದರ ಹಿಂದಿನ ವಾರ ಒಂದು ದೊಡ್ಡ ಕಚೇರಿಯ ನೌಕರರೆಲ್ಲರ ಚಿತ್ರಗಳನ್ನು ಅವನು ತಿದ್ದಿ ಕೊಟ್ಟಿದ್ದ. ಮೂಲಗಳು ಆ ಕಚೇರಿಯವರ ಬಳಿಯೇ ಇದ್ದುದರಿಂದ, ಕಡತಗಳು ಇಮ್ಮಡಿಯಾಗುವುದು ಬೇಡವೆಂದು, ತಿದ್ದಿದ್ದನ್ನು ಅದದೇ ಚಿತ್ರದ ಮೇಲೆ ಉಳಿಸುವಂತೆ ಅಂದು ಆಯ್ಕೆ ಮಾಡಿದ್ದ. ಮುಖ ಸಮ ಮಾಡು, ಕಣ್ಣು ಸಮ ಮಾಡು ಎಂಬ ಗುರುತುಗಳೂ ಒತ್ತಿಯೇ ಇದ್ದವು. ದುಃಖದಲ್ಲಿದ್ದವನು ಅವನ್ನು ತೆಗೆಯಲು ಮರೆತ. ಯಂತ್ರಕ್ಕೆ ಮರೆವಿಲ್ಲ. ಚಹಾ ಆರುವುದರೊಳಗೆ ಅದು ಅಷ್ಟೂ ಚಿತ್ರಗಳಲ್ಲಿ ಆಕೆಯ ಎಡರೆಪ್ಪೆಯನ್ನು ಎತ್ತಿ, ಬಲಗಣ್ಣಿನ ಸರಿಸಮಕ್ಕೆ ನಿಲ್ಲಿಸಿ, ಚರ್ಮ ನಯಮಾಡಿ, ಹಳೆಯದರ ಮೇಲೆ ಹೊಸದನ್ನು ಬರೆದು ಮುಗಿಸಿತ್ತು. ಬ್ಯಾಕಪ್ಪಿಗೆಂದು ಇಟ್ಟಿದ್ದ ಇನ್ನೊಂದು ಡಿಸ್ಕು ತಾನಾಗಿ ಎಲ್ಲವನ್ನೂ ನಕಲಿಸಿಕೊಳ್ಳುವಂಥದು. ಅವನು ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಅದೂ ನಿಷ್ಠೆಯಿಂದ ಹೊಸ ಮುಖಗಳನ್ನು ಹಳೆಯವುಗಳ ಮೇಲೆ ಇಳಿಸಿಕೊಂಡಿತ್ತು.

ನಾನು ಹೋದಾಗ ಅವನು ಪರದೆಯ ಮುಂದೆ ಕೈಕಟ್ಟಿ ಕೂತಿದ್ದ. ಪರದೆಯ ಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದ ಒಬ್ಬ ಲಕ್ಷಣವಾದ ಹೆಂಗಸು. ಎಲ್ಲೋ ಕಂಡಂತಿತ್ತು.

“ಮನೆಯಳಿಯ ಅತ್ತೆಗೆ ಮರ್ಯಾದೆ ಮಾಡಿದ್ದಾನೆ, ನೋಡು,” ಎಂದ.

ಡಿಸ್ಕುಗಳನ್ನು ಬಲ್ಲವರ ಬಳಿ ಒಯ್ದ. ಅಳಿಸಿಹೋದದ್ದಾದರೆ ಕೆದಕಿ ತೆಗೆಯಬಹುದಿತ್ತು, ಮೇಲೆ ಬರೆದದ್ದರ ಕೆಳಗೆ ಏನೂ ಉಳಿದಿಲ್ಲ ಎಂದರು ಅವರು. ಕೊನೆಗೆ ತಾನೇ ಕೂತ. ಇಷ್ಟು ವರ್ಷ ಊರಿನ ಮುಖಗಳನ್ನು ತಿದ್ದಿದ ಕೈ, ಒಂದು ರೆಪ್ಪೆ ಇಳಿಸುವುದು ಯಾವ ಮಹಾ? ಆದರೆ ಆ ಕೈ ಒಂದೇ ದಾರಿಯಲ್ಲಿ ನಡೆದು ನಡೆದು ಪಳಗಿತ್ತು. ರೆಪ್ಪೆ ಇಳಿಸಿದರೆ ಅದರ ಅಂಚು ಚೆಲುವಾಗುತ್ತಿತ್ತು. ಚೆಲುವನ್ನು ಕೆಡಿಸಿದರೆ ಗಾಯದಂತೆ ಕಾಣುತ್ತಿತ್ತು. ಯಂತ್ರಕ್ಕೇ ಹೇಳಿ ನೋಡಿದ, ಎಡರೆಪ್ಪೆ ಕೊಂಚ ಇಳಿದಿರಲಿ ಎಂದು. ಅದು ಒಮ್ಮೆ ತೂಕಡಿಸುವವಳನ್ನು ಕೊಟ್ಟಿತು, ಒಮ್ಮೆ ರೋಗಿಯನ್ನು, ಒಮ್ಮೆ ಕಣ್ಣು ಹೊಡೆಯುವವಳನ್ನು. ಅದನ್ನು ನೋಡಿ ಅವನು ನಕ್ಕ. ಆ ನಗುವನ್ನು ನಾನು ಮತ್ತೆ ಕೇಳಲು ಬಯಸುವುದಿಲ್ಲ.

ಆಮೇಲೆ ಅವನು ಆಕೆಯನ್ನು ಬಲ್ಲವರನ್ನೆಲ್ಲ ಕೇಳುತ್ತ ತಿರುಗಿದ. ತನ್ನ ಎಡರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು, “ಇಷ್ಟಾ? ಇನ್ನೂ ಸ್ವಲ್ಪಾನಾ? ಸರಿಯಾಗಿ ನೋಡಿ ಹೇಳು,” ಎಂದು ನನ್ನ ಮುಂದೆಯೂ ನಿಂತ. ಜೀವಮಾನದಲ್ಲಿ ಮೊದಲ ಸಲ ನೇರವಾಗಿ ನನ್ನ ಕಣ್ಣನ್ನು ನೋಡುತ್ತಿದ್ದ. ಇಷ್ಟೇ ಇರಬೇಕು ಎಂದೆ. ಪಕ್ಕದ ಮನೆಯಾಕೆ ಇನ್ನೂ ಹೆಚ್ಚು ಎಂದಳಂತೆ. ಹೆಂಡತಿಯ ತಮ್ಮ, “ಅಕ್ಕನ ಕಣ್ಣಿಗೇನಾಗಿತ್ತು ಭಾವ? ಚೆನ್ನಾಗೇ ಇತ್ತಲ್ಲ,” ಎಂದನಂತೆ. ಮಗಳು ಅಪ್ಪನ ಭುಜ ಹಿಡಿದು, “ಅಮ್ಮ ಆಸೆಪಟ್ಟಿದ್ದು ಇದನ್ನೇ ಅಲ್ವಾ ಅಪ್ಪ? ಕೊನೆಗೂ ಆಯ್ತು ಅಂದ್ಕೊಳ್ಳಿ,” ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ಅವನು ಎದ್ದು, ಗೋಡೆಯ ಆಸರೆಯನ್ನೂ ಹಿಡಿಯದೆ, ಬಿಸಿಲಿನ ನಡುಬೀದಿಯಲ್ಲೇ ನಡೆದುಹೋದ.

“ನನಗೇ ನೆನಪಾಗ್ತಿಲ್ಲ ಕಣಯ್ಯ,” ಎಂದು ಕೆಲವು ದಿನಗಳ ನಂತರ ಹೇಳಿದ. “ಕಣ್ಣು ಮುಚ್ಚಿದ್ರೆ ಈ ಹೊಸಬಳೇ ಬಂದು ನಿಲ್ತಾಳೆ. ಅವಳು ನನ್ನ ಸುಳ್ಳನ್ನೆಲ್ಲ ನಂಬ್ತಾಳೆ.”

ಅಂಗಡಿಯನ್ನು ಮತ್ತೆ ತೆರೆಯಲಿಲ್ಲ. ಕೋಟನ್ನು ಮಾತ್ರ ಬಿಡಲಿಲ್ಲ. ಊಟ ಬೇಡ, ಔಷಧಿ ಬೇಡ, ಮಾತು ಬೇಡ. ಇದು ಇರಲಿ ಎನ್ನುವ ಅರ್ಧ ಉದುರಿಹೋಗಿ, ಹೋಗಲಿ ಎಂಬುದೊಂದೇ ನಾಲಿಗೆಯ ಮೇಲೆ ಉಳಿಯಿತು. ಒಂದು ಬೆಳಿಗ್ಗೆ ಎದೆಬಡಿತ ನಿಂತುಹೋಯಿತು.

ಈಗ ಗೋಡೆಗೆ ಅವನದೊಂದು ಚಿತ್ರ ಬೇಕಾಯಿತು. ಎಲ್ಲರ ಚಿತ್ರ ತಿದ್ದಿದವನ ಚಿತ್ರ ಅವನ ಕಂಪ್ಯೂಟರಿನಲ್ಲಿ ಒಂದೂ ಇರಲಿಲ್ಲ. ಮಗಳ ಫೋನಿನಲ್ಲಿ ಹಲವಾರಿದ್ದವು. ಒಂದೊಂದನ್ನೇ ಸರಿಸುತ್ತ ಬಂದವಳು ಕೈ ನಿಲ್ಲಿಸಿ, “ಮಾಮ, ಅಪ್ಪನ ಕೆನ್ನೆ ಎಲ್ಲಿ ಹೋಯ್ತು?” ಎಂದಳು. ಫೋನು ಚಿತ್ರ ತೆಗೆಯುವಾಗಲೇ, ಯಾರೂ ಕೇಳದೆ, ಪ್ರತಿ ಸಲವೂ ಆ ಕುಳಿಗಳನ್ನೆಲ್ಲ ತುಂಬಿಬಿಟ್ಟಿತ್ತು. ಅವಳು ನನ್ನ ಮುಖ ನೋಡಿದಳು. ನನ್ನ ಹತ್ತಿರವೂ ಬೇರೆ ಚಿತ್ರವಿರಲಿಲ್ಲ. ಅವುಗಳಲ್ಲೇ ಒಂದನ್ನು ದೊಡ್ಡದು ಮಾಡಿಸಿದೆವು. ಗೋಡೆಯ ಮೇಲೆ ಇಬ್ಬರೂ ಪಕ್ಕಪಕ್ಕದಲ್ಲಿದ್ದಾರೆ, ಸಮಗಣ್ಣಿನ ಹೆಂಗಸು, ನುಣುಪುಗೆನ್ನೆಯ ಗಂಡಸು. ಒಳ್ಳೆಯ ಜೋಡಿ. ಅವರಿಬ್ಬರನ್ನೂ ನಾನು ಎಂದೂ ಭೇಟಿಯಾಗಿಲ್ಲ.

ಅಳಿಸುವುದನ್ನೇ ಕಸುಬಾಗಿ ಉಳ್ಳವರು ಲೋಕದಲ್ಲಿ ಹಲವರಿದ್ದಾರೆ, ನಾನೂ ಒಬ್ಬ. ನಾವೆಲ್ಲ ಒಳಗೊಳಗೆ ಆ ಮುದುಕ ಗುರುವಿನ ಶಿಷ್ಯರೇ. ಏನೇ ಸವರಲಿ, ಏನೇ ತೆಗೆಯಲಿ, ಕೆಳಗೊಂದು ಪದರದಲ್ಲಿ ದೇವರು ಕೊಟ್ಟದ್ದು ಹಾಗೇ ಇದೆ, ಬೇಕಾದ ದಿನ ಹತ್ತಿ ಅದ್ದಿ ಒರೆಸಿಕೊಳ್ಳಬಹುದು ಎಂಬ ಧೈರ್ಯದಲ್ಲಿ ನಮ್ಮ ಕೈ ಹಗುರಾಗಿ ಓಡಾಡುತ್ತದೆ. ಹೋಗಲಿ ಎನ್ನಲು ಕಸುಬು ಕಲಿಸುತ್ತದೆ. ಹೋದದ್ದನ್ನು ಕರೆಯುವುದು ಹೇಗೆಂದು ಅದು ಯಾರಿಗೂ ಕಲಿಸಿದ್ದಿಲ್ಲ. ಒಂದು ದಿನ ನಮ್ಮವರದೇ ಮುಖ ಬೇಕಾಗಿ ಒರೆಸುತ್ತೇವೆ, ಒರೆಸುತ್ತಲೇ ಇರುತ್ತೇವೆ, ಕೆಳಗೆ ಬರಿಯ ಗಾಜು.